ಅಧ್ಯಕ್ಷರು ಯಾರೇ ಆಗಲಿ, ಮನೆಯ ಲೆಕ್ಕ ನಮ್ಮದು: ಅಮೆರಿಕದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ವೀಸಾದಲ್ಲಿರುವವರು, ಗ್ರೀನ್ ಕಾರ್ಡ್ ಇರುವವರು, ಪೌರತ್ವ ಪಡೆದವರು, ಊರಿನಲ್ಲಿ ಕೂತು ಮಕ್ಕಳ ಚಿಂತೆ ಮಾಡುವ ತಂದೆತಾಯಿ ಎಲ್ಲರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ತೆರಿಗೆ ಮಿತಿ, ಸುಂಕ, ಬಡ್ಡಿ ವರ್ಷ ಕಳೆದಂತೆ ಬದಲಾಗುತ್ತವೆ. ಅದಕ್ಕೇ ಅಂಕಿಯ ಪಕ್ಕದಲ್ಲಿ ವರ್ಷವನ್ನೂ ಕೊಟ್ಟಿದ್ದೇವೆ.

ದಿನಸಿ ಬೆಲೆ ಏರಿದ್ದಕ್ಕೆ ಬೈಡನ್ ಕಾರಣವೋ, ಟ್ರಂಪ್ ಕಾರಣವೋ?

ಯಾವ ಸಾಮಾನಿನ ಬೆಲೆ ಎಂದು ಮೊದಲು ಹೇಳಿ. 2023ರ ಜುಲೈನಲ್ಲಿ ಇಂಡಿಯನ್ ಅಂಗಡಿಗಳ ಮುಂದೆ ಸೋನಾ ಮಸೂರಿಗೆ ಸಾಲು ನಿಂತಿತ್ತು, ಒಂದು ಕುಟುಂಬಕ್ಕೆ ಒಂದೇ ಚೀಲ ಎಂದು ಎಷ್ಟೋ ಕಡೆ ಬೋರ್ಡು ಹಾಕಿದ್ದರು. ಅದು ವಾಷಿಂಗ್ಟನ್ನಿನ ಕೆಲಸ ಅಲ್ಲ. ಜುಲೈ 20ರಂದು ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿದ್ದು ದೆಹಲಿ. 2024ರ ಸೆಪ್ಟೆಂಬರ್ ಕೊನೆಯಲ್ಲಿ ಆ ನಿಷೇಧ ತೆಗೆದದ್ದೂ ದೆಹಲಿಯೇ.

ಮೊಟ್ಟೆಯ ಕತೆ ಬೇರೆ. 2025ರ ಮಾರ್ಚ್‌ನಲ್ಲಿ ಡಜನ್ನಿಗೆ ಸರಾಸರಿ 6.23 ಡಾಲರ್ ಮುಟ್ಟಿ ದಾಖಲೆಯಾಯಿತು. ಹಕ್ಕಿಜ್ವರ ಬಂದು ಮೊಟ್ಟೆ ಇಡುವ ಕೋಟ್ಯಂತರ ಕೋಳಿಗಳನ್ನು ಕೊಂದದ್ದು ಅದಕ್ಕೆ ಮುಖ್ಯ ಕಾರಣ. ಒಂದು ಪಕ್ಷ ಹಿಂದಿನ ಅಧ್ಯಕ್ಷರನ್ನು ಬೈಯಿತು, ಇನ್ನೊಂದು ಈಗಿನವರನ್ನು ಬೈಯಿತು. ಕೋಳಿಗಳು ಮತ್ತೆ ಬೆಳೆದ ಮೇಲೆ ಬೆಲೆ ಇಳಿಯಿತು.

2021–22ರ ದೊಡ್ಡ ಬೆಲೆಯೇರಿಕೆಯಲ್ಲಿ ಮಾತ್ರ ರಾಜಕೀಯದ ಪಾಲು ನಿಜವಾಗಿಯೂ ಇದೆ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ತಲುಪಿತ್ತು, ನಲವತ್ತು ವರ್ಷಗಳಲ್ಲೇ ಹೆಚ್ಚು. ಕೋವಿಡ್ ಕಾಲದಲ್ಲಿ ಟ್ರಂಪ್ ಸಹಿ ಹಾಕಿದ ನೆರವೂ ಬೈಡನ್ ಸಹಿ ಹಾಕಿದ ನೆರವೂ ಜನರ ಕೈಗೆ ಹಣ ಕೊಟ್ಟವು. ಬಂದರುಗಳಲ್ಲಿ ಸರಕು ಸಿಕ್ಕಿಹಾಕಿಕೊಂಡಿತು. ಉಕ್ರೇನ್ ಯುದ್ಧ ಎಣ್ಣೆ, ಗೋಧಿಯ ಬೆಲೆ ಏರಿಸಿತು. ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ಬಡ್ಡಿ ಏರಿಸಲು ತಡ ಮಾಡಿತು. ಇವುಗಳಲ್ಲಿ ಒಂದನ್ನೇ ಹಿಡಿದು ವಾದ ಮಾಡುವವರು ಪಕ್ಷದ ಮೂಗಿನ ನೇರಕ್ಕೆ ಮಾತಾಡುತ್ತಿದ್ದಾರೆ ಎಂದೇ ತಿಳಿಯಿರಿ.

ಹಾಗಾದರೆ ಅಧ್ಯಕ್ಷರ ಕೈಯಲ್ಲಿ ಏನೂ ಇಲ್ಲವೇ?

ಇದೆ, ಆದರೆ ಜನ ಅಂದುಕೊಂಡ ಕಡೆ ಅಲ್ಲ. ಆದಾಯ ತೆರಿಗೆ ಬದಲಿಸಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಬೇಕು. ಬಡ್ಡಿ ದರ ಫೆಡ್ ಕೈಯಲ್ಲಿದೆ. ಬಾಡಿಗೆಯನ್ನು ಊರಿನ ಮನೆಗಳ ಸಂಖ್ಯೆ, ಆಸ್ತಿ ತೆರಿಗೆ, ಕಟ್ಟಡದ ನಿಯಮಗಳು ನಿರ್ಧರಿಸುತ್ತವೆ. ಅಧ್ಯಕ್ಷರು ಒಂದೇ ಸಹಿಯಲ್ಲಿ ನಮ್ಮ ಜೇಬಿಗೆ ಕೈ ಹಾಕಬಲ್ಲ ಜಾಗ ಮುಖ್ಯವಾಗಿ ಎರಡು: ಆಮದು ಸುಂಕ ಮತ್ತು ವಲಸೆ.

ಸುಂಕದ ಉದಾಹರಣೆ ತೆಗೆದುಕೊಳ್ಳಿ. 2025ರ ಆಗಸ್ಟ್ 27ರಂದು ಭಾರತದ ಬಹುತೇಕ ಸರಕುಗಳ ಮೇಲಿನ ಸುಂಕ ಶೇ 50 ಆಯಿತು. ನವೆಂಬರ್ ಮಧ್ಯದಲ್ಲಿ ಕಾಫಿ, ಚಹಾ, ಮಸಾಲೆ ಪದಾರ್ಥಗಳನ್ನು ಹೊಸ ಸುಂಕದ ಪಟ್ಟಿಯಿಂದ ಕೈಬಿಟ್ಟರು. ಬೆಲೆ ಏರಿದ್ದು ಮತದಾರರಿಗೆ ಚುಚ್ಚತೊಡಗಿದ್ದೇ ಇದಕ್ಕೆ ಕಾರಣ ಎನ್ನುವುದು ನಮ್ಮ ಅಭಿಪ್ರಾಯ. ಅದೇ ವರ್ಷದ ಆಗಸ್ಟ್ 29ರಿಂದ 800 ಡಾಲರ್ ಒಳಗಿನ ಪಾರ್ಸೆಲ್‌ಗಿದ್ದ ಸುಂಕ ವಿನಾಯಿತಿಯೂ ಹೋಯಿತು. ಊರಿನಿಂದ ಅಮ್ಮ ಕಳಿಸುವ ಸೀರೆ, ಚಟ್ನಿಪುಡಿಯ ಡಬ್ಬ 100 ಡಾಲರ್ ಮೀರಿದರೆ ಅದಕ್ಕೂ ಲೆಕ್ಕ ಬಂತು, ಭಾರತೀಯ ಅಂಚೆ ಕೆಲವು ವಾರ ಅಮೆರಿಕಕ್ಕೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಪಾರ್ಸೆಲ್ ಕಳಿಸುವವರಿಗೆ ಒಂದು ಮಾತು: ಬೆಲೆ ಕಡಿಮೆ ತೋರಿಸಬೇಡಿ. ತಡೆದರೆ ಬಿಡಿಸಿಕೊಳ್ಳುವ ಖರ್ಚು ಒಳಗಿನ ಸಾಮಾನಿಗಿಂತ ಹೆಚ್ಚಾಗುತ್ತದೆ.

ವಲಸೆಯ ಉದಾಹರಣೆ ಎಲ್ಲರಿಗೂ ಗೊತ್ತು: 2025ರ ಸೆಪ್ಟೆಂಬರ್ 19ರಂದು ಪರಿಣತ ಉದ್ಯೋಗಿಗಳ ವೀಸಾವಾದ ಎಚ್-1ಬಿಯ ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಘೋಷಣೆಯಾಯಿತು.

ಆದ್ದರಿಂದ ಹೆಚ್ಚು ರಾಜಕೀಯ ಅಪಾಯ ಇರುವುದು ವೀಸಾದ ಮೇಲೆ ನಿಂತ ಸಂಬಳಕ್ಕೆ. ಸೂಪರ್‌ಮಾರ್ಕೆಟ್ ಬಿಲ್ಲು ಎರಡನೆಯ ಮಾತು. ಉಳಿತಾಯದ ಯೋಜನೆಯೂ ಅದಕ್ಕೆ ತಕ್ಕಂತಿರಬೇಕು.

ಬಡ್ಡಿ ಇಳಿಸಿ ಎಂದು ಅಧ್ಯಕ್ಷರು ಒತ್ತಾಯಿಸುತ್ತಿದ್ದಾರೆ. ಮನೆ ಕೊಳ್ಳಲು ಕಾಯಬೇಕೇ?

ಫೆಡ್‌ನ ಬಡ್ಡಿ ಸಮಿತಿಯಲ್ಲಿ 12 ಮತಗಳಿವೆ, ವರ್ಷಕ್ಕೆ 8 ನಿಗದಿತ ಸಭೆಗಳು. ಸಮಿತಿಯಲ್ಲಿರುವ ಫೆಡ್ ಗವರ್ನರ್‌ಗಳ ಅವಧಿ 14 ವರ್ಷ. ಒಬ್ಬ ಅಧ್ಯಕ್ಷರ ಅವಧಿಯಲ್ಲಿ ಎಲ್ಲರನ್ನೂ ಬದಲಿಸಲಾಗದಿರಲಿ ಎಂದೇ ಹಾಗೆ ಇಟ್ಟಿದ್ದಾರೆ. ಒತ್ತಾಯ ಹೊಸದೇನಲ್ಲ. 1972ರ ಚುನಾವಣೆಗೆ ಮುನ್ನ ಅಧ್ಯಕ್ಷ ನಿಕ್ಸನ್ ಅಂದಿನ ಫೆಡ್ ಮುಖ್ಯಸ್ಥ ಆರ್ಥರ್ ಬರ್ನ್ಸ್ ಮೇಲೆ ಒತ್ತಡ ಹಾಕಿದ್ದು ನಿಕ್ಸನ್ ಅವರದೇ ಧ್ವನಿಮುದ್ರಿಕೆಗಳಲ್ಲಿದೆ. ಅದಕ್ಕೂ ಮುಂಚೆ 1971ರ ಆಗಸ್ಟ್ 15ರಂದು ಸಂಬಳ, ಬೆಲೆ ಎರಡನ್ನೂ 90 ದಿನ ಹಿಡಿದಿಟ್ಟಿದ್ದರು. 1973ರಲ್ಲಿ ಮತ್ತೆ ಹಿಡಿದಿಟ್ಟಾಗ ರೈತರು ದನಗಳನ್ನು ಮಾರುಕಟ್ಟೆಗೆ ತರಲಿಲ್ಲ, ಮೇವಿನ ಖರ್ಚು ಹುಟ್ಟದೆ ಕೋಳಿಮರಿಗಳನ್ನು ನೀರಲ್ಲಿ ಮುಳುಗಿಸಿದರು. ಕೊನೆಗೆ ಆ ಹಣದುಬ್ಬರವನ್ನು ಅಡಗಿಸಿದ್ದು ಅಧ್ಯಕ್ಷ ಕಾರ್ಟರ್ 1979ರಲ್ಲಿ ಫೆಡ್ ಮುಖ್ಯಸ್ಥರನ್ನಾಗಿ ನೇಮಿಸಿದ ಪಾಲ್ ವೋಲ್ಕರ್. ಬಡ್ಡಿಯನ್ನು ಶೇ 20ರ ಹತ್ತಿರ ಒಯ್ದರು. 1981ರಲ್ಲಿ ಮನೆ ಸಾಲ ಶೇ 18 ದಾಟಿತು. ಅಷ್ಟರಲ್ಲಿ ಕಾರ್ಟರ್ ಚುನಾವಣೆ ಸೋತಾಗಿತ್ತು.

ಈಗ ನಿಮ್ಮ ಮನೆಯ ಮಾತು. 30 ವರ್ಷದ ಸಾಲದ ಬಡ್ಡಿ ಫೆಡ್ ದರದ ಹಿಂದೆ ನೇರವಾಗಿ ಹೋಗುವುದಿಲ್ಲ, 10 ವರ್ಷದ ಸರ್ಕಾರಿ ಬಾಂಡಿನ ಜೊತೆ ಹೋಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಫೆಡ್ ಅರ್ಧ ಶೇಕಡಾ ಇಳಿಸಿತು. ಮುಂದಿನ ತಿಂಗಳುಗಳಲ್ಲಿ ಮನೆ ಸಾಲದ ಬಡ್ಡಿ ಏರಿತು! ಸಭೆಯ ತಾರೀಕಿಗೆ ಕಾದು ಕೂತವರಿಗೆ ನಷ್ಟವೇ ಆಯಿತು.

ಆಗಲೇ ಸಾಲ ಇದ್ದು ಕಡಿಮೆ ಬಡ್ಡಿಗೆ ಬದಲಿಸುವುದಾದರೆ ಲೆಕ್ಕ ಸುಲಭ. ಬದಲಿಸುವ ಒಟ್ಟು ಖರ್ಚನ್ನು ತಿಂಗಳಿಗೆ ಉಳಿಯುವ ಕಂತಿನಿಂದ ಭಾಗಿಸಿ. ಖರ್ಚು 6,000 ಡಾಲರ್, ತಿಂಗಳಿಗೆ 200 ಉಳಿದರೆ 30 ತಿಂಗಳು. ಅಷ್ಟು ಕಾಲ ಅದೇ ಮನೆಯಲ್ಲಿ ಇರುವುದು ಖಚಿತವಿದ್ದರೆ ಮಾಡಿ. ಸಾಮಾನ್ಯ ಎಡವಟ್ಟು ಒಂದಿದೆ: ಏಳು ವರ್ಷ ತೀರಿಸಿದ ಸಾಲವನ್ನು ಮತ್ತೆ 30 ವರ್ಷಕ್ಕೆ ಶುರುಮಾಡುತ್ತಾರೆ. ಕಂತು ಇಳಿಯುತ್ತದೆ, ಒಟ್ಟು ಬಡ್ಡಿ ಏರುತ್ತದೆ.

ಪೆಟ್ರೋಲ್ ಬೆಲೆ?

ಜಗತ್ತಿನ ಕಚ್ಚಾ ತೈಲದ ಬೆಲೆ, ಸಂಸ್ಕರಣೆ, ರಾಜ್ಯದ ತೆರಿಗೆ. 2022ರಲ್ಲಿ ಬೈಡನ್ ಸರ್ಕಾರಿ ದಾಸ್ತಾನಿನಿಂದ 18 ಕೋಟಿ ಬ್ಯಾರಲ್ ಬಿಡುವುದಾಗಿ ಮಾರ್ಚ್‌ನಲ್ಲಿ ಪ್ರಕಟಿಸಿದರೂ ಜೂನ್‌ನಲ್ಲಿ ಗ್ಯಾಲನ್ ಸರಾಸರಿ 5 ಡಾಲರ್ ದಾಟಿತು. ಮುಂದಿನ ಪ್ರಶ್ನೆ.

ತುರ್ತು ನಿಧಿ ಎಷ್ಟಿರಬೇಕು? ಎಲ್ಲರೂ ಮೂರರಿಂದ ಆರು ತಿಂಗಳು ಅನ್ನುತ್ತಾರೆ.

ಕೆಲಸ ಹೋದರೂ ದೇಶದಲ್ಲೇ ಇರಬಲ್ಲವರಿಗೆ ಆ ಸೂತ್ರ ಸರಿ. ಪೌರತ್ವವೋ ಗ್ರೀನ್ ಕಾರ್ಡೋ ಇದ್ದು ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ನಾಲ್ಕು ತಿಂಗಳು ಸಾಕು. ಎಚ್-1ಬಿ ಒಬ್ಬರದೇ ಸಂಬಳವಾದರೆ ಆರು ತಿಂಗಳ ಖರ್ಚಿನ ಮೇಲೆ ಊರಿಗೆ ಮರಳುವ ಖರ್ಚನ್ನೂ ಸೇರಿಸಿ.

ಲೆಕ್ಕ ಹಾಕುವಾಗ ಈಗಿನ ತಿಂಗಳ ಖರ್ಚನ್ನು ಹಿಡಿಯಬೇಡಿ, ಕೆಲಸ ಇಲ್ಲದ ತಿಂಗಳ ಖರ್ಚನ್ನು ಹಿಡಿಯಿರಿ. ಎಲ್ಲರೂ ಎಡವುವುದು ಇಲ್ಲೇ. ಹೊರಗಿನ ಊಟ, ಪ್ರವಾಸ ಬಿಟ್ಟುಹೋಗುತ್ತವೆ, ಆದರೆ ಕಂಪನಿ ಕಟ್ಟುತ್ತಿದ್ದ ಆರೋಗ್ಯ ವಿಮೆಯ ಪಾಲು ನಿಮ್ಮ ತಲೆಗೆ ಬರುತ್ತದೆ. ನಾಲ್ಕು ಜನರ ಮನೆಗೆ ಮಾದರಿ ಲೆಕ್ಕ: ಬಾಡಿಗೆ 2,400, ಕಾರು ಮತ್ತು ಅದರ ವಿಮೆ 650, ದಿನಸಿ 900, ಕರೆಂಟು-ನೀರು-ಫೋನು 350, ಆರೋಗ್ಯ ವಿಮೆ 2,000, ಇತರೆ 300. ಒಟ್ಟು 6,600. ಆರು ತಿಂಗಳಿಗೆ 39,600. ಬಾಡಿಗೆ ಕರಾರು ಮುರಿಯಲು ಎರಡು ತಿಂಗಳ ಬಾಡಿಗೆ, ನಾಲ್ಕು ಟಿಕೆಟ್, ಸಾಮಾನು ಸಾಗಣೆ ಎಂದು 12,000 ಸೇರಿಸಿದರೆ 51,600 ಡಾಲರ್.

ಅಂಕಿ ನೋಡಿ ಹೆದರಬೇಡಿ. ಮೊದಲ ಗುರಿ ಒಂದು ತಿಂಗಳ ಬಾಡಿಗೆ ಮತ್ತು ಟಿಕೆಟ್ ದುಡ್ಡು. ಸಂಬಳ ಬೀಳುವ ದಿನವೇ ನಿಗದಿತ ಮೊತ್ತ ಬೇರೆ ಬ್ಯಾಂಕಿಗೆ ತಾನಾಗಿ ಹೋಗುವಂತೆ ಮಾಡಿ. ಅದೇ ಬ್ಯಾಂಕಿನ ಇನ್ನೊಂದು ಖಾತೆಯಲ್ಲಿಟ್ಟರೆ ಎರಡು ಗುಂಡಿ ಒತ್ತಿ ವಾಪಸ್ ತರುವ ಆಸೆ ತಪ್ಪುವುದಿಲ್ಲ.

ಆ ಹಣವನ್ನು ಎಲ್ಲಿಡಬೇಕು?

ಒಂದು ತಿಂಗಳದ್ದು ಚೆಕಿಂಗ್ ಖಾತೆಯಲ್ಲಿ. ಎರಡು ತಿಂಗಳದ್ದು ಹೆಚ್ಚು ಬಡ್ಡಿಯ ಆನ್‌ಲೈನ್ ಉಳಿತಾಯ ಖಾತೆಯಲ್ಲಿ. 2025ರಲ್ಲಿ ದೊಡ್ಡ ಬ್ಯಾಂಕುಗಳ ಮಾಮೂಲಿ ಉಳಿತಾಯ ಖಾತೆ ಶೇ 0.01 ಕೊಡುತ್ತಿದ್ದಾಗ ಆನ್‌ಲೈನ್ ಬ್ಯಾಂಕುಗಳು ಶೇ 3.5ರಿಂದ 4 ಕೊಡುತ್ತಿದ್ದವು. 20,000 ಡಾಲರಿಗೆ ವರ್ಷಕ್ಕೆ ಒಂದು ಕಡೆ 2 ಡಾಲರ್, ಇನ್ನೊಂದು ಕಡೆ 700ರ ಮೇಲೆ.

ಉಳಿದದ್ದು ಟ್ರೆಷರಿ ಬಿಲ್ಲುಗಳಲ್ಲಿ. ಇವು 4 ವಾರದಿಂದ 52 ವಾರದವರೆಗಿನ ಸರ್ಕಾರಿ ಸಾಲಪತ್ರಗಳು. ಇವನ್ನು ಮಾರುವ ಸರ್ಕಾರಿ ಜಾಲತಾಣ ಟ್ರೆಷರಿಡೈರೆಕ್ಟ್‌ನಲ್ಲಿ ಕನಿಷ್ಠ 100 ಡಾಲರ್. ಬಡ್ಡಿಗೆ ಫೆಡರಲ್ ತೆರಿಗೆ ಇದೆ, ರಾಜ್ಯದ ಆದಾಯ ತೆರಿಗೆ ಇಲ್ಲ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯವರಿಗೆ ಇದು ಲಾಭ, ಟೆಕ್ಸಾಸ್‌ನವರಿಗೆ ರಾಜ್ಯ ತೆರಿಗೆಯೇ ಇಲ್ಲದ್ದರಿಂದ ವ್ಯತ್ಯಾಸವಿಲ್ಲ. 18,000 ಡಾಲರ್ ಇದ್ದರೆ 6,000ದಂತೆ ಮೂರು ಭಾಗ ಮಾಡಿ, ತಿಂಗಳಿಗೊಂದರಂತೆ 13 ವಾರದ ಬಿಲ್ಲು ಕೊಳ್ಳಿ. ನಾಲ್ಕನೇ ತಿಂಗಳಿಂದ ಪ್ರತಿ ತಿಂಗಳೂ ಒಂದು ಭಾಗ ಕೈಗೆ ಬರುತ್ತದೆ, ಬೇಡವಾದರೆ ಮತ್ತೆ ಹಾಕಿ. ಇವನ್ನು ಬ್ರೋಕರೇಜ್ ಖಾತೆಯಲ್ಲಿ ಕೊಳ್ಳುವುದೇ ವಾಸಿ. ಟ್ರೆಷರಿಡೈರೆಕ್ಟ್‌ನಲ್ಲಿ ಕೊಂಡರೆ ಅವಧಿಗೆ ಮೊದಲು ಅಲ್ಲೇ ಮಾರಲು ಬರುವುದಿಲ್ಲ, ಬೇರೆ ಕಡೆಗೆ ವರ್ಗಾಯಿಸಬೇಕು. ತುರ್ತಿನ ದಿನ ಅದಕ್ಕೆಲ್ಲ ಸಮಯ ಎಲ್ಲಿ?

ಹಣದುಬ್ಬರಕ್ಕೆ ತಕ್ಕಂತೆ ಬಡ್ಡಿ ಕೊಡುವ ಸರ್ಕಾರಿ ಐ-ಬಾಂಡ್ ತುರ್ತಿಗೆ ಬಾರದು. ಒಬ್ಬರಿಗೆ ವರ್ಷಕ್ಕೆ 10,000 ಡಾಲರ್ ಮಿತಿ, ಮೊದಲ 12 ತಿಂಗಳು ಮುಟ್ಟುವಂತಿಲ್ಲ, 5 ವರ್ಷದೊಳಗೆ ತೆಗೆದರೆ ಕೊನೆಯ 3 ತಿಂಗಳ ಬಡ್ಡಿ ಹೋಗುತ್ತದೆ. 2022ರ ಶೇ 9.62 ನೋಡಿ ಓಡಿ ಕೊಂಡವರು ಆರಾರು ತಿಂಗಳಿಗೆ ದರ ಬದಲಾಗುತ್ತದೆ ಎಂಬುದನ್ನು ಗಮನಿಸಿರಲಿಲ್ಲ.

ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ, ಒಂದು ಬ್ಯಾಂಕಿನಲ್ಲಿ, ಒಂದು ಬಗೆಯ ಖಾತೆಗೆ 2,50,000 ಡಾಲರ್‌ವರೆಗೆ ಎಫ್‌ಡಿಐಸಿ ಎಂಬ ಸರ್ಕಾರಿ ಸಂಸ್ಥೆಯ ವಿಮೆ ಇದೆ. 1934ರಲ್ಲಿ ಶುರುವಾದಾಗ ಅದು 2,500 ಡಾಲರ್ ಇತ್ತು, ಈಗಿನ ಮಿತಿ 2008ರ ಬಿಕ್ಕಟ್ಟಿನ ಕೊಡುಗೆ. ಎಚ್ಚರ: ಚಂದದ ಆ್ಯಪ್‌ಗಳೆಲ್ಲ ಬ್ಯಾಂಕುಗಳಲ್ಲ. 2024ರಲ್ಲಿ ಸಿನಾಪ್ಸ್ ಎಂಬ ಮಧ್ಯವರ್ತಿ ಕಂಪನಿ ದಿವಾಳಿಯಾದಾಗ ಅದರ ಮೂಲಕ ಹಣವಿಟ್ಟಿದ್ದ ಆ್ಯಪ್ ಬಳಕೆದಾರರಿಗೆ ತಿಂಗಳುಗಟ್ಟಲೆ ದುಡ್ಡು ಸಿಗಲಿಲ್ಲ. ಬ್ಯಾಂಕು ಮುಳುಗಿದರೆ ವಿಮೆ ಬರುತ್ತದೆ, ಮಧ್ಯವರ್ತಿಯ ಲೆಕ್ಕಪುಸ್ತಕ ಕೆಟ್ಟರೆ ಬರುವುದಿಲ್ಲ.

ಕೆಲಸ ಹೋಯಿತು, ಎಚ್-1ಬಿಯಲ್ಲಿದ್ದೇನೆ. ಮೊದಲು ಏನು ಮಾಡಲಿ?

ಕೊನೆಯ ಕೆಲಸದ ದಿನ ಯಾವುದು ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ. ಕೆಲಸ ಹೋದ ಮೇಲೆ ದೇಶದಲ್ಲಿರಲು ಸಿಗುವ 60 ದಿನಗಳ ಎಣಿಕೆ ಅಲ್ಲಿಂದ, ಪರಿಹಾರ ಹಣ ಬಂದ ದಿನದಿಂದಲ್ಲ. ಎಲ್ಲಿಯವರೆಗೆ ಇರಬಹುದು ಎಂದು ಹೇಳುವ ನಿಮ್ಮ ಐ-94 ದಾಖಲೆ ಅದಕ್ಕೂ ಮೊದಲೇ ಮುಗಿದರೆ ಅದೇ ಗಡುವು. ಆ ಅವಧಿಯಲ್ಲಿ ಹೊಸ ಕಂಪನಿ ನಿಮ್ಮ ಹೆಸರಲ್ಲಿ ಅರ್ಜಿ ಸಲ್ಲಿಸಿದರೆ ಸಾಕು, ಮಂಜೂರಾತಿ ಬರಬೇಕೆಂದಿಲ್ಲ. ಆದರೆ ಅದಕ್ಕೂ ಮೊದಲು ಕಾರ್ಮಿಕ ಇಲಾಖೆಯ ಎಲ್‌ಸಿಎ (ಸಂಬಳ, ಕೆಲಸದ ಷರತ್ತುಗಳ ದೃಢೀಕರಣ) ಆಗಬೇಕು, ಅದಕ್ಕೆ ಸುಮಾರು ಒಂದು ವಾರ ಬೇಕು. ಅಂದರೆ ನಿಜವಾದ ಗಡುವು 45ನೇ ದಿನ ಎಂದುಕೊಳ್ಳಿ. ಅಷ್ಟರೊಳಗೆ ಆಫರ್ ಬರದಿದ್ದರೆ ಸಂಗಾತಿಯ ವೀಸಾದ ಅವಲಂಬಿತರಾಗುವುದೋ, ಪ್ರವಾಸಿ ಸ್ಥಿತಿಯಾದ ಬಿ-2ಗೆ ಬದಲಾಗಲು ಐ-539 ಅರ್ಜಿ ಹಾಕುವುದೋ, ಹೊರಡುವುದೋ ಎಂದು ವಕೀಲರ ಜೊತೆ ತೀರ್ಮಾನಿಸಿ.

ಹಳೆ ಕಂಪನಿಯ ಆರೋಗ್ಯ ವಿಮೆಯನ್ನು ಸ್ವಂತ ಖರ್ಚಿನಲ್ಲಿ ಮುಂದುವರಿಸುವ ಕೋಬ್ರಾ ಆಯ್ಕೆ ಮಾಡಲು ಕನಿಷ್ಠ 60 ದಿನ ಸಮಯ ಇರುತ್ತದೆ, ಆಯ್ಕೆ ಮಾಡಿದರೆ ವಿಮೆ ಹಿಂದಿನ ದಿನಾಂಕದಿಂದಲೇ ಜಾರಿಯಾಗುತ್ತದೆ. ಪೂರ್ತಿ ಪ್ರೀಮಿಯಂ, ಅದರ ಮೇಲೆ ಇನ್ನೂ ಶೇ 2 ಕಟ್ಟಬೇಕು. ಎಲ್ಲರೂ ಆರೋಗ್ಯವಾಗಿದ್ದು ಹೊಸ ಕೆಲಸ ಬೇಗ ಸಿಗುವ ಸೂಚನೆ ಇದ್ದರೆ ಆಯ್ಕೆಯನ್ನು ಕೊನೆಯ ವಾರದವರೆಗೆ ತಡೆಹಿಡಿಯಬಹುದು. ನಡುವೆ ಏನಾದರೂ ಆದರೆ ಬಾಕಿ ಪ್ರೀಮಿಯಂ ಪೂರ್ತಿ ಕಟ್ಟಿ ವಿಮೆ ಪಡೆಯಬಹುದು. ಗಡುವಿನ ಮರುದಿನ ಮಾತ್ರ ಯಾವ ಬೇಡಿಕೆಯೂ ನಡೆಯದು.

ನಿರುದ್ಯೋಗ ಭತ್ಯೆ ಕೊಡುವುದು ರಾಜ್ಯಗಳು, ಅಧ್ಯಕ್ಷರಲ್ಲ. ಕೆಲಸಕ್ಕೆ ಅರ್ಹರಾಗಿ ಲಭ್ಯರಿರಬೇಕು ಎಂಬ ಷರತ್ತು ವೀಸಾದವರಿಗೆ ತೊಡಕು. ಅರ್ಜಿಯಲ್ಲಿ ವೀಸಾ ಸ್ಥಿತಿಯನ್ನು ಇದ್ದದ್ದು ಇದ್ದಂತೆ ಬರೆಯಿರಿ.

ಶೇರು ಮಾರುಕಟ್ಟೆ ಕುಸಿಯುತ್ತಿದೆ, ಈ ಅಧ್ಯಕ್ಷರು ಹೋಗುವವರೆಗೆ 401(ಕೆ) ನಿವೃತ್ತಿ ಖಾತೆಯ ಹಣ ಹೊರತೆಗೆಯಲೇ?

ಪಕ್ಷ ನೋಡಿ ಮಾರಿದವರ ಪಾಡು ಎರಡೂ ಕಡೆ ಒಂದೇ. ಒಬಾಮ ಬಂದರೆಂದು 2009ರ ಮಾರ್ಚ್ ಮೊದಲ ವಾರ ಮಾರಿದವರು ತಳದ ಹತ್ತಿರ ಮಾರಿದರು. ಮಾರ್ಚ್ 9ರಂದು ತಳ ಮುಟ್ಟಿ ಮರುದಿನದಿಂದಲೇ ಏರಿಕೆ ಶುರುವಾಯಿತು. ಟ್ರಂಪ್ ಸುಂಕಕ್ಕೆ ಹೆದರಿ 2025ರ ಏಪ್ರಿಲ್ 8ರಂದು ಮಾರಿದವರು ಮರುದಿನದ ಶೇ 9.5 ಏರಿಕೆ ಕಳೆದುಕೊಂಡರು. ತಮ್ಮ ಪಕ್ಷ ಗೆದ್ದ ಕೂಡಲೇ ಆರ್ಥಿಕತೆ ಸುಧಾರಿಸಿತು, ಸೋತ ಕೂಡಲೇ ಹಾಳಾಯಿತು ಎಂದು ಜನ ಹೇಳುವುದು ಮಿಷಿಗನ್ ವಿಶ್ವವಿದ್ಯಾಲಯದ ಗ್ರಾಹಕ ಸಮೀಕ್ಷೆಯಲ್ಲಿ ಚುನಾವಣೆ ಚುನಾವಣೆಗೂ ಕಾಣುತ್ತದೆ. ಅಭಿಪ್ರಾಯ ಹಾಗೆ ತಿರುಗಲಿ, ತೊಂದರೆಯಿಲ್ಲ. ನಿವೃತ್ತಿ ಹಣ ತಿರುಗಬಾರದು.

ಕೈ ಬಿಗಿಯಾದಾಗ ಕ್ರಮ ಹೀಗಿರಲಿ: ಕಂಪನಿ ಜೊತೆಗೆ ಹಾಕುವ ಪಾಲು ಸಿಗುವಷ್ಟು ಮಾತ್ರ ಹಾಕಿ, ಅದಕ್ಕಿಂತ ಹೆಚ್ಚಿನದನ್ನು ನಿಲ್ಲಿಸಿ. 2025ರ ಗರಿಷ್ಠ ಮಿತಿ 23,500 ಡಾಲರ್, ಅದನ್ನು ಮುಟ್ಟಲೇಬೇಕೆಂಬ ಕಾನೂನಿಲ್ಲ. 59½ ವರ್ಷಕ್ಕೆ ಮುನ್ನ ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆ ಶೇ 10 ದಂಡ. 401(ಕೆ) ಮೇಲೆ ಸಾಲ ಸಿಗುತ್ತದೆ, ನಿಮ್ಮ ಪಾಲಿನ ಅರ್ಧ ಅಥವಾ 50,000 ಡಾಲರ್, ಯಾವುದು ಕಡಿಮೆಯೋ ಅದು. ಕೆಲಸ ಅಲುಗಾಡುತ್ತಿರುವಾಗ ಅದನ್ನು ತೆಗೆಯಲೇಬೇಡಿ. ಕೆಲಸ ಬಿಟ್ಟರೆ ಬಾಕಿಯನ್ನು ಆ ವರ್ಷದ ತೆರಿಗೆ ಸಲ್ಲಿಸುವ ಗಡುವಿನೊಳಗೆ ತುಂಬಬೇಕಾಗಬಹುದು, ಇಲ್ಲದಿದ್ದರೆ ಅದೂ ದಂಡ ಬೀಳುವ ಹಿಂಪಡೆತವೇ.

ಕ್ರೆಡಿಟ್ ಕಾರ್ಡ್ ಬಡ್ಡಿಗೆ ಶೇ 10 ಮಿತಿ ಬರುತ್ತದಂತೆ, ಅಲ್ಲಿಯವರೆಗೆ ಕಾಯಲೇ?

ಟ್ರಂಪ್ 2024ರ ಪ್ರಚಾರದಲ್ಲಿ ಕೊಟ್ಟ ಭರವಸೆ ಅದು. ಕಾಂಗ್ರೆಸ್ ಕಾನೂನು ಮಾಡಬೇಕು. ಅಷ್ಟರಲ್ಲಿ 5,000 ಡಾಲರ್ ಬಾಕಿಗೆ ಶೇ 22ರಂತೆ ತಿಂಗಳಿಗೆ ಸುಮಾರು 92 ಡಾಲರ್ ಬಡ್ಡಿ ಹೋಗುತ್ತದೆ. ಒಂದು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಉಳಿದ ಉಳಿತಾಯವನ್ನೆಲ್ಲ ಈ ಸಾಲಕ್ಕೆ ಸುರಿಯಿರಿ. ಶೇ 4 ಗಳಿಸುತ್ತಾ ಶೇ 22 ಕಟ್ಟುವುದು ಉಳಿತಾಯವಲ್ಲ. ಇನ್ನೊಂದು ಕಾರ್ಡಿಗೆ ಶೂನ್ಯ ಬಡ್ಡಿಯಲ್ಲಿ ವರ್ಗಾಯಿಸುವುದಾದರೆ ಶುರುವಿನಲ್ಲೇ ಶೇ 3ರಿಂದ 5 ಶುಲ್ಕ ಇರುತ್ತದೆ. ಅವಧಿಯ ತಿಂಗಳುಗಳಿಂದ ಬಾಕಿಯನ್ನು ಭಾಗಿಸಿ ಅಷ್ಟು ಕಟ್ಟಲು ಆಗುವುದಾದರೆ ಮಾತ್ರ ಮಾಡಿ.

ಸರ್ಕಾರ ಚೆಕ್ ಕಳಿಸುತ್ತದೆ ಎಂಬ ಸುದ್ದಿ ನಂಬಬಹುದೇ?

ಕಾಂಗ್ರೆಸ್ ಒಪ್ಪಿ, ಅಧ್ಯಕ್ಷರ ಸಹಿ ಬಿದ್ದ ಮೇಲೆ ನಂಬಿ. 2020ರ 1,200, ಅದೇ ಡಿಸೆಂಬರ್‌ನ 600, 2021ರ 1,400 ಡಾಲರ್ ಎಲ್ಲವೂ ಹಾಗೇ ಬಂದವು. ಚೆಕ್ಕಿನ ಮೇಲೆ ಅಧ್ಯಕ್ಷರ ಹೆಸರು ಅಚ್ಚಾದರೂ ದುಡ್ಡು ಕಾನೂನಿನದ್ದು. ನಮ್ಮವರಿಗೆ ಆಗ ಬಿದ್ದ ಪೆಟ್ಟು ಸಣ್ಣಕ್ಷರದಲ್ಲಿತ್ತು: ಸಂಗಾತಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದೆ ಐಟಿಐಎನ್ (ತೆರಿಗೆಗಾಗಿ ಮಾತ್ರ ಕೊಡುವ ಸಂಖ್ಯೆ) ಮೇಲೆ ಜಂಟಿ ತೆರಿಗೆ ಸಲ್ಲಿಸಿದ್ದ ಎಚ್-4 (ಎಚ್-1ಬಿಯವರ ಅವಲಂಬಿತರ ವೀಸಾ) ಕುಟುಂಬಗಳಿಗೆ ಮೊದಲ ಕಂತು ಇಡೀ ಮನೆಗೇ ಸಿಗಲಿಲ್ಲ. ಡಿಸೆಂಬರ್‌ನ ಕಾನೂನು ಅದನ್ನು ಸರಿಪಡಿಸಿತು, ಆದರೆ ತೆರಿಗೆ ಅರ್ಜಿಯಲ್ಲಿ ಕೇಳಿ ಪಡೆಯಬೇಕಿತ್ತು. ಮುಂದೆ ಇಂಥದ್ದು ಬಂದರೂ ಮೊದಲು ನೋಡಬೇಕಾದ ಸಾಲು ಅದೇ.

ಕೇಳಿ ಪಡೆಯಬೇಕಾದ ಇನ್ನೊಂದು: 2025ರ ಜನವರಿ 1ರಿಂದ 2028ರ ಡಿಸೆಂಬರ್ 31ರ ನಡುವೆ ಹುಟ್ಟಿದ, ಪೌರತ್ವ ಮತ್ತು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವ ಮಗುವಿನ ಹೆಸರಿನ, ಟ್ರಂಪ್ ಖಾತೆ ಎಂಬ ಹೂಡಿಕೆ ಖಾತೆಗೆ ಸರ್ಕಾರ 1,000 ಡಾಲರ್ ಹಾಕುತ್ತದೆ. ಅಧ್ಯಕ್ಷರ ಮೇಲೆ ಸಿಟ್ಟಿದೆಯೆಂದು ಮಗುವಿನ ದುಡ್ಡು ಬಿಡಬೇಡಿ. ಅರ್ಜಿ 4547 ತುಂಬಿ.

ಊರಿಗೆ ಹಣ ಕಳಿಸಿದರೆ ಹೊಸ ತೆರಿಗೆ ಇದೆಯಂತೆ?

2026ರ ಜನವರಿ 1ರಿಂದ ಶೇ 1. ಆದರೆ ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್ ಕೊಟ್ಟು ಕಳಿಸುವವರಿಗೆ ಮಾತ್ರ. ಅಮೆರಿಕದ ಬ್ಯಾಂಕ್ ಖಾತೆಯಿಂದಲೋ ಇಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದಲೋ ಕಳಿಸಿದರೆ ಇಲ್ಲ. ಅದಕ್ಕಿಂತ ದೊಡ್ಡ ಸೋರಿಕೆ ವಿನಿಮಯ ದರದಲ್ಲಿದೆ. ಮಾರುಕಟ್ಟೆ ದರ 88 ರೂಪಾಯಿ ಇರುವಾಗ ಕಂಪನಿ 87 ಕೊಟ್ಟರೆ 2,000 ಡಾಲರಿಗೆ 2,000 ರೂಪಾಯಿ ಹೋಯಿತು, ಸುಮಾರು 23 ಡಾಲರ್. ಶುಲ್ಕ ಇಲ್ಲ ಎಂಬ ಜಾಹೀರಾತಿಗೆ ಮರುಳಾಗದೆ, ಕೊನೆಗೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಎಂಬುದನ್ನಷ್ಟೇ ಹೋಲಿಸಿ.

ಅನಿವಾಸಿಗಳ ರೂಪಾಯಿ ಖಾತೆಯಾದ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಇದೆ. ಹಲವರು ಇದನ್ನು ಬಿಟ್ಟು ಸಿಕ್ಕಿಹಾಕಿಕೊಳ್ಳುತ್ತಾರೆ. ಭಾರತದ ಎಲ್ಲ ಖಾತೆಗಳ ಮೊತ್ತ ಸೇರಿ ವರ್ಷದ ಒಂದು ದಿನವಾದರೂ 10,000 ಡಾಲರ್ ದಾಟಿದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು, ಅಪ್ಪನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕೆ ಸೇರುತ್ತದೆ. ಇಲ್ಲಿದ್ದುಕೊಂಡು ಭಾರತದ ಮ್ಯೂಚುಯಲ್ ಫಂಡಿನಲ್ಲಿ ಎಸ್‌ಐಪಿ ಶುರುಮಾಡಬೇಡಿ. ಒಂದೊಂದು ಫಂಡಿಗೂ ಬೇರೆ ಅರ್ಜಿ, ಕಠಿಣ ತೆರಿಗೆ. ಲೆಕ್ಕಿಗರ ಫೀಸೇ ಲಾಭವನ್ನು ನುಂಗುತ್ತದೆ.

ಡಾಲರ್ ಮುಳುಗುತ್ತದೆ, ಬಂಗಾರ ತಗೊಳ್ಳಿ ಅನ್ನುತ್ತಾರಲ್ಲ?

ಬಂಗಾರಕ್ಕೂ ಅಧ್ಯಕ್ಷರ ಕಾಟ ತಪ್ಪಿಲ್ಲ. 1933ರ ಏಪ್ರಿಲ್ 5ರಂದು ರೂಸ್ವೆಲ್ಟ್ ಜನರ ಚಿನ್ನದ ನಾಣ್ಯ, ಗಟ್ಟಿಗಳನ್ನು ಔನ್ಸಿಗೆ 20.67 ಡಾಲರಿನಂತೆ ಸರ್ಕಾರಕ್ಕೆ ಒಪ್ಪಿಸಲು ಆದೇಶಿಸಿದರು. ಮರುವರ್ಷ ಸರ್ಕಾರ ಬೆಲೆಯನ್ನು 35ಕ್ಕೆ ಏರಿಸಿತು. ಜನ ಮತ್ತೆ ಮುಕ್ತವಾಗಿ ಗಟ್ಟಿ ಚಿನ್ನ ಇಟ್ಟುಕೊಳ್ಳಲು 1974ರ ಕೊನೆಯವರೆಗೆ ಕಾಯಬೇಕಾಯಿತು. ಸ್ವಲ್ಪ ಬಂಗಾರ ಇರಲಿ, ಬೇಡ ಅನ್ನುವುದಿಲ್ಲ. ಒಡವೆಯನ್ನು ಮಾತ್ರ ಉಳಿತಾಯ ಎಂದು ಬರೆದುಕೊಳ್ಳಬೇಡಿ: ಮಜೂರಿ, ವೇಸ್ಟೇಜ್ ಕೊಂಡ ದಿನವೇ ಹೋಗುತ್ತದೆ. ಬಾಡಿಗೆಯನ್ನು ಬಳೆಯಲ್ಲಿ ಕಟ್ಟಲೂ ಆಗದು.

ಸ್ನೇಹಿತರೆಲ್ಲ ಸೇರಿ ಚೀಟಿ ನಡೆಸುತ್ತಿದ್ದೇವೆ, ಸುರಕ್ಷಿತವೇ?

ಅಲ್ಲ. ಠೇವಣಿ ವಿಮೆ ಇಲ್ಲ, ಬರಹದ ಕರಾರಿಲ್ಲ. ಚೀಟಿ ಎತ್ತಿದವರಿಗೆ ಕೆಲಸ ಹೋಗಿ 60 ದಿನದಲ್ಲಿ ದೇಶ ಬಿಟ್ಟರೆ ಉಳಿದ ಕಂತು ಯಾರು ಕಟ್ಟುತ್ತಾರೆ? ಒಂದೇ ಕಂಪನಿಯಲ್ಲಿರುವವರೇ ಸದಸ್ಯರಾಗಿದ್ದರೆ ಇನ್ನೂ ಕಷ್ಟ, ಎಲ್ಲರಿಗೂ ಒಂದೇ ದಿನ ಪೆಟ್ಟು.

ಅಡುಗೆಮನೆಯಲ್ಲಿ ನಿಜವಾಗಿ ಎಷ್ಟು ಉಳಿಯುತ್ತದೆ?

ದೊಡ್ಡ ಚೀಲದಲ್ಲಿ ಉಳಿಯುವುದು ಸ್ವಲ್ಪ, ಹೊರಗಿನ ಊಟ ಕಡಿಮೆ ಮಾಡಿದರೆ ಉಳಿಯುವುದು ಬಹಳ. ನಾಲ್ವರು 70 ಡಾಲರಿನ ಊಟ ಮಾಡಿದರೆ ತೆರಿಗೆ, ಟಿಪ್ ಸೇರಿ 88ರ ಹತ್ತಿರ. ಅಷ್ಟು ದುಡ್ಡಿಗೆ ಮನೆಯಲ್ಲಿ ಬಿಸಿಬೇಳೆಬಾತ್ ಎಷ್ಟು ಸಲ ಆಗುತ್ತದೋ ಲೆಕ್ಕ ಹಾಕಿ. ವಾರಕ್ಕೆ ಒಂದು ಸಲ ನಿಲ್ಲಿಸಿದರೆ ವರ್ಷಕ್ಕೆ 4,000 ಡಾಲರ್ ಉಳಿಯುತ್ತದೆ.

ಸುಂಕದ ಸುದ್ದಿ ಬಂದಾಗ ಮೂಟೆಗಟ್ಟಲೆ ಕೊಳ್ಳುವುದು ನಮ್ಮವರ ಚಾಳಿ. ಬೇಳೆ, ಅಕ್ಕಿ ಆರು ತಿಂಗಳು ಇರುತ್ತವೆ. ರವೆ, ರಾಗಿ ಹಿಟ್ಟು, ಕಡಲೆ ಹಿಟ್ಟಿಗೆ ಹುಳು ಬೀಳುತ್ತದೆ, ಮೊಟ್ಟೆಗಳು ಚೀಲದೊಳಗೇ ಬಂದಿರುತ್ತವೆ. ತಂದ ಕೂಡಲೇ ನಾಲ್ಕು ದಿನ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಚೀಲ ಬಿಚ್ಚದೆ ಕೋಣೆಯ ಶಾಖಕ್ಕೆ ಬರುವವರೆಗೆ ಬಿಡಿ, ಇಲ್ಲದಿದ್ದರೆ ಒಳಗೆ ಪಸೆಯಾಡಿ ಬೂಷ್ಟು ಹಿಡಿಯುತ್ತದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ. ಬೆಲೆ ಹೋಲಿಸುವಾಗ ಚೀಲದ ಬೆಲೆ ಬೇಡ, ಪೌಂಡಿಗೆಷ್ಟು ಎಂಬುದನ್ನು ನೋಡಿ. 10 ಪೌಂಡಿನದಕ್ಕಿಂತ 20 ಪೌಂಡಿನದು ದುಬಾರಿಯಾಗಿರುವುದೂ ಉಂಟು.

ಸರ್ಕಾರ ಬಂದ್ ಆದರೆ ನಮಗೇನು?

ಬಜೆಟ್ ಒಪ್ಪಿಗೆಯಾಗದೆ 2025ರಲ್ಲಿ ಅಕ್ಟೋಬರ್ 1ರಿಂದ 43 ದಿನ ಬಂದ್ ಆಗಿತ್ತು. ವಲಸೆ ಇಲಾಖೆ ಬಹುಪಾಲು ಅರ್ಜಿ ಶುಲ್ಕದಿಂದ ನಡೆಯುವುದರಿಂದ ತೆರೆದಿರುತ್ತದೆ. ಕಾರ್ಮಿಕ ಇಲಾಖೆಯ ಎಲ್‌ಸಿಎ ಕೆಲಸ ಅಕ್ಟೋಬರ್ ಕೊನೆಯವರೆಗೆ ನಿಂತುಹೋಯಿತು, ಹಾಗಾಗಿ ಕಂಪನಿ ಬದಲಿಸುವವರು ಸಿಕ್ಕಿಬಿದ್ದರು. ಸೆಪ್ಟೆಂಬರ್‌ನಲ್ಲಿ ಬಜೆಟ್ ಜಗಳ ಜೋರಾದರೆ, ಎಲ್‌ಸಿಎ ಆಗುವ ಮುನ್ನ ಹಳೆ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.

ಪ್ರಚಾರಕ್ಕೆ ದೇಣಿಗೆ ಕೊಡಬಹುದೇ? ಮತ?

ಗ್ರೀನ್ ಕಾರ್ಡ್ ಇದ್ದರೆ ದೇಣಿಗೆ ಕೊಡಬಹುದು, ಮತ ಹಾಕುವಂತಿಲ್ಲ. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾದವರು ದೇಣಿಗೆಯನ್ನೂ ಕೊಡುವಂತಿಲ್ಲ. ಚಾಲನಾ ಪರವಾನಗಿ ಕಚೇರಿಯಲ್ಲಿ ಮತದಾರರ ನೋಂದಣಿ ಪ್ರಶ್ನೆಗೆ ಆತುರದಲ್ಲಿ ಹೌದು ಒತ್ತಬೇಡಿ, ಪೌರರೆಂದು ಸುಳ್ಳು ಹೇಳಿದಂತಾಗಿ ಗಡೀಪಾರಿನವರೆಗೂ ಹೋಗುತ್ತದೆ. ದೇಣಿಗೆ ಕೊಡುವವರು ಪುಟದ ಕೆಳಗಿನ ಚೌಕಗಳನ್ನು ನೋಡಿ. ಪ್ರತಿ ವಾರ ಅಥವಾ ತಿಂಗಳು ಎಂದು ಮೊದಲೇ ಗುರುತು ಹಾಕಿಟ್ಟಿದ್ದರೆ 25 ಡಾಲರಿನ ಉತ್ಸಾಹ ಕಾರ್ಡನ್ನು ಖಾಲಿ ಮಾಡುತ್ತದೆ.

ಮತ ಇಲ್ಲದಿದ್ದರೂ ನಿಮ್ಮ ಕ್ಷೇತ್ರದ ಪ್ರತಿನಿಧಿಯ ಕಚೇರಿ ನಿಮಗೆ ನೆರವಾಗುತ್ತದೆ. ತೆರಿಗೆ ಮರುಪಾವತಿ, ವಲಸೆ ಅರ್ಜಿ ತಿಂಗಳುಗಟ್ಟಲೆ ನಿಂತಿದ್ದರೆ ಅವರ ಜಾಲತಾಣದಲ್ಲಿ ಒಪ್ಪಿಗೆ ಪತ್ರ ತುಂಬಿ ಕೊಡಿ. ಯಾವ ಪಕ್ಷ ಎಂದು ಯಾರೂ ಕೇಳುವುದಿಲ್ಲ.

ಸೋಷಿಯಲ್ ಸೆಕ್ಯುರಿಟಿಗೆ ಕಟ್ಟಿದ್ದು ಊರಿಗೆ ಮರಳಿದರೆ ಸಿಗುತ್ತದೆಯೇ?

ಪಿಂಚಣಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚೆಂದರೆ 4. ಹತ್ತು ವರ್ಷ ದುಡಿದಿರಬೇಕು. ಭಾರತ-ಅಮೆರಿಕ ನಡುವೆ ಇದನ್ನು ಸೇರಿಸಿ ಎಣಿಸುವ ಒಪ್ಪಂದ ಇಲ್ಲದ್ದರಿಂದ ಒಂಬತ್ತು ವರ್ಷಕ್ಕೆ ಹೊರಟರೆ ಸಂಬಳದ ಶೇ 6.2ರಂತೆ ಕಟ್ಟಿದ್ದು ಕೈಗೆ ಬರದು. ಹೊರಡುವ ಮುನ್ನ ಸರ್ಕಾರಿ ಜಾಲತಾಣದಲ್ಲಿ ಕ್ರೆಡಿಟ್ ಎಣಿಸಿ. 36 ಆಗಿದ್ದರೆ ಇನ್ನೊಂದು ವರ್ಷದ ಬೆಲೆ ಏನೆಂದು ತಿಳಿಯುತ್ತದೆ.

ವಾಟ್ಸಾಪ್‌ನಲ್ಲಿ ಬಂದ ಆದೇಶ ನಿಜವೇ ಎಂದು ಹೇಗೆ ತಿಳಿಯುವುದು?

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರೇ ಗುಂಪಿನಲ್ಲಿ ಹೆಚ್ಚು. 2025ರ ಸೆಪ್ಟೆಂಬರ್ 19ರ ರಾತ್ರಿ ಎಚ್-1ಬಿ ಶುಲ್ಕದ ಸುದ್ದಿ ಹರಡಿದಾಗ ವಿಮಾನ ಹತ್ತಿದ್ದವರು ಇಳಿದರು, ರಜೆಯಲ್ಲಿದ್ದವರು ಸಿಕ್ಕ ಬೆಲೆಗೆ ಟಿಕೆಟ್ ಕೊಂಡು ಓಡಿಬಂದರು. ಅದು ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರಿಗಲ್ಲ ಎಂಬ ಸ್ಪಷ್ಟನೆ ಮರುದಿನವೇ ಬಂತು.

ಮೊದಲು ಅದು ಏನೆಂದು ನೋಡಿ: ಭಾಷಣವೋ, ಮಸೂದೆಯೋ, ಸಹಿಯಾದ ಆದೇಶವೋ. ಆದೇಶವಾದರೆ ಶ್ವೇತಭವನದ ಜಾಲತಾಣದಲ್ಲಿ ಪೂರ್ತಿ ಪಠ್ಯ ಇರುತ್ತದೆ, ಕೆಲವೇ ದಿನಗಳಲ್ಲಿ ಫೆಡರಲ್ ರಿಜಿಸ್ಟರ್‌ನಲ್ಲೂ ಅಚ್ಚಾಗುತ್ತದೆ. ಅದರಲ್ಲಿ ಎರಡು ಸಾಲು ಹುಡುಕಿ, ಯಾವ ದಿನದಿಂದ ಜಾರಿ, ಯಾರಿಗೆ ಅನ್ವಯ. ಮಸೂದೆಯಾದರೆ ಎರಡೂ ಸದನ ದಾಟಿದೆಯೇ ಎಂದು ಕಾಂಗ್ರೆಸ್ಸಿನ ಜಾಲತಾಣದಲ್ಲಿ ನೋಡಿ. ವಿದೇಶದಲ್ಲಿದ್ದರೆ ಕಂಪನಿಯ ವಲಸೆ ವಕೀಲರ ಇಮೇಲ್ ಬರುವವರೆಗೆ ಟಿಕೆಟ್ ಬದಲಿಸಬೇಡಿ. ಬದಲಿಸಲೇಬೇಕಾದರೆ 24 ಗಂಟೆಯೊಳಗೆ ರದ್ದು ಮಾಡಬಹುದಾದ ಟಿಕೆಟ್ಟನ್ನೇ ಕೊಳ್ಳಿ.